ಮೂರೂವರೆ ಗಂಟೆಯ ದಾರಿ

ರಾಮಾಪುರದ ಚಿಕ್ಕಮಾದಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ತಾಯಿ ಸತ್ತ ಸುದ್ದಿ ಯಳಂದೂರಿನಿಂದ ಬಂದ ದಿನ ಹೊಟ್ಟೆ ತೊಳಸಿ ದಾರಿಯಲ್ಲಿ ಎರಡು ಸಲ ಇಳಿದು ಕೂತಿದ್ದಳು. ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆ ಕೊರಗು ಅವಳನ್ನು ಬಿಟ್ಟಿರಲಿಲ್ಲ.

ಮಗಳು ಜ್ಯೋತಿಲಕ್ಷ್ಮಿ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮೊದಲ ಬಸಿರು ನಿಂತಿರಲಿಲ್ಲ. ಈಗ ಏಳು ತಿಂಗಳು. ಅಳಿಯನ ಕೆಲಸ ಊರಾಚೆ, ಮನೆಗೆ ಬರುವುದು ವಾರಕ್ಕೊಮ್ಮೆ.

"ಅವ್ವ, ನೀನ್ ಬರ್ಲೇಬೇಕು. ಬೆಂಗ್ಳೂರಿಂದ ಇಲ್ಗೆ ಎಲ್ಡ್ ಸಾವ್ರದ ಮುನ್ನೂರ್ ಕಿಲೋಮೀಟ್ರು. ಇಮಾನ್ದಲ್ಲಿ ಮೂರೂವರೆ ಗಂಟೆ ಅಷ್ಟೇಯ."

"ಅನೂರ್‌ಗಂಟ ಓಗಾಕೇ ನನ್ ಕೈಲಾಗಲ್ಲ ಕಣವ್ವ," ಎಂದಳು ತಾಯಿ. ಫೋನಿನಲ್ಲಿ ಮಗಳು ಅಳುವುದು ಕೇಳಿಸಿತು.

ಗಾಳಿ ಬಡಿಯುವ ಬೈಕಿನಲ್ಲಾದರೆ ಅವಳಿಗೆ ತೊಂದರೆಯಿಲ್ಲ. ತಮ್ಮ ಮಾದೇಶನ ಬೈಕಿನಲ್ಲಿ ಮೈಸೂರಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಅಳಿಯ ವೀಸಾ ಕಳಿಸಿದ. ಉಳಿದದ್ದು ಹೊಟ್ಟೆಯೊಂದೇ.

ಮರುದಿನದಿಂದ ಬೆಳಿಗ್ಗೆ ಬಸ್ಸು ಹತ್ತತೊಡಗಿದಳು. ಮೊದಲ ವಾರ ಹತ್ತಿರದ ಹನೂರಿನವರೆಗೆ. ಮೂರು ದಿನ ವಾಂತಿ ಮಾಡಿದಳು, ನಾಲ್ಕನೆಯ ದಿನ ಬರೀ ಬೆವರು. ಕಂಡಕ್ಟರ್ ಪುಟ್ಟಸಿದ್ದಯ್ಯ ಕೇಳಿಯೇಬಿಟ್ಟ.

"ಏನಕ್ಕಾ, ಅನೂರ್‌ಗೆ ಬತ್ತೀಯ, ಕೆಳೀಕೂ ಇಳೀದೆ ವಾಪಸ್ ಓಯ್ತೀಯ?"

"ಮೂರೂವರೆ ಗಂಟೆ ಕುಂತ್ಕಳಾದು ಕಲೀತಾವ್ನಿ ಕಣಪ್ಪ."

ವಿಷಯ ತಿಳಿದ ಮೇಲೆ ಅವನು ನಗಲಿಲ್ಲ. ಡ್ರೈವರ್ ಹಿಂದಿನ ಕಿಟಕಿ ಸೀಟನ್ನು ಅವಳಿಗಾಗಿ ಹಿಡಿದಿಡುತ್ತಿದ್ದ. "ದೂರ ನೋಡಕ್ಕ, ಕೆಳೀಕೆ ನೋಡ್‌ಬ್ಯಾಡ," ಎನ್ನುತ್ತಿದ್ದ. ಎರಡನೆಯ ವಾರ ಕೊಳ್ಳೇಗಾಲ ಮುಟ್ಟಿದಳು. ಇನ್ನು ಯಳಂದೂರಿಗೆ ಹೋಗಿಬಂದರೆ ಮೂರೂವರೆ ಗಂಟೆ ದಾಟುತ್ತದೆ ಎಂದು ಅವನೇ ಲೆಕ್ಕ ಹೇಳಿದ.

ಅಷ್ಟರಲ್ಲಿ ಅಳಿಯನ ಫೋನು ಬಂತು. ಮಗಳಿಗೆ ರಕ್ತದೊತ್ತಡ ಏರಿದೆ, ತಿಂಗಳು ತುಂಬುವ ಮುಂಚೆಯೇ ಆಪರೇಷನ್ ಮಾಡುತ್ತಾರೆ, ಟಿಕೆಟ್ ನಾಳೆಗೇ.

"ಇನ್ನೂ ಕಲ್ತಿಲ್ವಲ್ಲೋ ಮಾದೇಶ," ಎಂದಳು ಚಿಕ್ಕಮಾದಮ್ಮ. ಆದರೂ ಸೀರೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದಳು.

ಬೆಂಗಳೂರಿನವರೆಗೂ ಮಾದೇಶ ಬೈಕಿನಲ್ಲೇ ಕರೆದೊಯ್ದ. ವಿಮಾನ ಮೇಲೇರುವಾಗ ಒಮ್ಮೆ, ಮೋಡದ ನಡುವೆ ಅಲುಗಿದಾಗ ಇನ್ನೊಮ್ಮೆ ವಾಂತಿಯಾಯಿತು. ಪಕ್ಕದ ಹೆಂಗಸು ಬೆನ್ನು ನೀವಿದಳು. ಇಳಿದುಬಿಡೋಣ ಎನ್ನಿಸಿತು. ಇಳಿಯುವ ಹಾಗಿರಲಿಲ್ಲ. ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆಯುತ್ತ ಕೂತಳು.

ಆಸ್ಪತ್ರೆಗೆ ಬಂದಾಗ ಆಪರೇಷನ್ ಮುಗಿದಿತ್ತು. ಹೆಣ್ಣುಮಗು, ಎರಡು ಕೆಜಿಗೂ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿದೆ, ಆದರೆ ಉಸಿರು ಚೆನ್ನಾಗಿದೆ ಎಂದ ಅಳಿಯ. ಮಗಳು ಬಿಳಿಚಿಕೊಂಡು ಮಲಗಿದ್ದಳು. ಚಿಕ್ಕಮಾದಮ್ಮ ಕೈಕಾಲು ತೊಳೆದು ಬಂದು ಊದಿದ್ದ ಅವಳ ಪಾದಗಳನ್ನು ಮೆಲ್ಲಗೆ ಒತ್ತತೊಡಗಿದಳು.

ಜ್ಯೋತಿಲಕ್ಷ್ಮಿ ಕಣ್ಣು ತೆರೆದಳು. "ವಾಂತಿ ಆಯ್ತಾ ಅವ್ವ?"

"ಆಯ್ತು, ಎಲ್ಡ್ ಸತಿ," ಎಂದಳು ತಾಯಿ. "ನೀನ್ ಮಾತಾಡ್‌ಬ್ಯಾಡ, ಮನೀಕೊ."

ಮಗಳು ತಾಯಿಯ ಕೈ ಹಿಡಿದುಕೊಂಡೇ ಮತ್ತೆ ನಿದ್ದೆಹೋದಳು.