ನೀರು ಕುಡಿದ ಐಸು

ಶಿವರಾತ್ರಿ ಕಳೆದು ಎಂಟು ದಿನವಾಗಿತ್ತು, ಬೆಳಿಗ್ಗೆ ಆರೂವರೆ. ಚಾಮರಾಜಪೇಟೆಯ ನಮ್ಮ ಐಸ್ ಅಂಗಡಿ ಮುಂದೆ ಲಾರಿ ನಿಂತಿತ್ತು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಇರುವ ಆಂಜಿನಯ್ಯ ಕೊಕ್ಕೆ ಹಾಕಿ ಗಡ್ಡೆಗಳನ್ನು ಇಳಿಸುತ್ತಿದ್ದ. ಒಂದು ಜಾರಿ ಬಿದ್ದು ನಡುವಿಗೆ ಎರಡಾಯಿತು. ಅವನು ತುಂಡುಗಳನ್ನು ಒತ್ತಿ ಹಿಡಿದು ಬಿರುಕಿಗೆ ಚೊಂಬು ನೀರು ಹುಯ್ದ. ಲಾರಿಯಿಂದ ಆಗತಾನೇ ಇಳಿದ ಗಡ್ಡೆ ಎಷ್ಟು ತಣ್ಣಗಿರುತ್ತದೆಂದರೆ ನೀರು ನೋಡನೋಡುತ್ತ ಹೆಪ್ಪುಗಟ್ಟಿ ಎರಡೂ ಒಂದಾಗುತ್ತವೆ.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹುಡುಗಿ ಬಂದಳು. ಪ್ರಿಯಂವದಾ ಅಂತ, ಮಲ್ಲೇಶ್ವರಂನವಳು.

"ಅಜ್ಜಿ, ಒಂದು ಇಡೀ ಗಡ್ಡೆ ಬೇಕು. ಇಲ್ಲೇ ಜಗಲಿ ಮೇಲೆ ತೂತು ಹಾಕಿ ನೋಡ್ಕೊಂಡು ಹೋಗ್ತೀನಿ."

ತೂತು ಹಾಕುವುದಕ್ಕೆ ತಾನೆ ಎಂದುಕೊಂಡು, ಆ ಬೆಸೆದ ಗಡ್ಡೆಯನ್ನೇ ಕೊಡು ಎಂದು ಆಂಜಿನಯ್ಯನಿಗೆ ಕಣ್ಣಲ್ಲೇ ಹೇಳಿದೆ.

ಅವಳು ಚೀಲದಿಂದ ಒಂದು ಕಪ್ಪು ತಂತಿ ತೆಗೆದಳು. ಗೇಣಿಗೊಂದರಂತೆ ಐದು ಮಣಿ. ಒಂದೊಂದು ಮಣಿಯೂ ಒಂದೊಂದು ಥರ್ಮಾಮೀಟರಂತೆ.

"ಐಸಿಗೆ ಜ್ವರ ಬಂದಿದ್ಯಾ ಮೇಡಂ?" ಎಂದ ಆಂಜಿನಯ್ಯ.

"ಬಂದಿದೆ ಅಂತ್ಲೇ ನಂಗೆ ಅನುಮಾನ ಅಣ್ಣ."

ಉತ್ತರ ಧ್ರುವದ ಹತ್ತಿರ ಒಂದು ಹಿಮನದಿ ಇದೆಯಂತೆ, ಬೆಟ್ಟದಷ್ಟು ಐಸು. ಹೋದ ವರ್ಷ ಅದರೊಳಗೆ ಈ ತಂತಿ ಇಳಿಬಿಟ್ಟಿದ್ದಳು. ಮೇಲೂ ಕೆಳಗೂ ಕಡುಚಳಿ, ಮೂರನೇ ಮಣಿ ಇದ್ದ ಕಡೆ ಮಾತ್ರ ಚಳಿ ಕಡಿಮೆ.

"ಮಣಿ ಕೆಟ್ಟಿದೆ ಅಂತಾರೆ ನಮ್ಮ ಮೇಲಿನೋರು. ಈ ವಾರದೊಳಗೆ ಸರಿಯಿದೆ ಅಂತ ತೋರಿಸ್ದಿದ್ರೆ, ಈ ಸಲ ಅಲ್ಲಿಗೆ ನನ್ನ ಬದ್ಲು ಬೇರೆಯವ್ರನ್ನ ಕಳಿಸ್ತಾರೆ."

ಗಡ್ಡೆಗೆ ಉದ್ದಕ್ಕೆ ತೂತು ಕೊರೆದು ತಂತಿ ತೂರಿಸಿ, ಗೋಣಿ ಹೊದಿಸಿ ಕೂತಳು. ಫೋನಿನಲ್ಲಿ ಐದು ಅಂಕಿ ಬಂದವು. ಗಡ್ಡೆಯ ತುದಿಗಳು ಬೇಗ ಬೆಚ್ಚಗಾಗುತ್ತವೆ, ನಡು ಎಲ್ಲಕ್ಕಿಂತ ತಣ್ಣಗಿರಬೇಕು. ಆದರೆ ನಡುವಿದ್ದ ಮೂರನೇ ಮಣಿಯೇ ಎಲ್ಲಕ್ಕಿಂತ ಬೆಚ್ಚಗೆ ತೋರಿಸಿತು.

ಹುಡುಗಿ ಗೋಣಿ ಸರಿಸಿದಳು. "ಅವ್ರು ಹೇಳಿದ್ದೇ ನಿಜ" ಎಂದು ತಂತಿ ಎಳೆಯಲು ಹೋದಳು.

ನನ್ನ ಮಾವ ದೊಡ್ಡಬೈರಪ್ಪನವರು ಈ ಅಂಗಡಿ ಇಟ್ಟಾಗ ಮಾಡಿದ ಕಟ್ಟಳೆ ಒಂದಿತ್ತು. ಬೆಸೆದ ಗಡ್ಡೆಯನ್ನು ಪುಡಿ ಮಾಡಿ ಮಾರಬೇಕು, ಇಡೀ ಗಡ್ಡೆ ಎಂದು ಕೊಡಕೂಡದು. ಒಂದು ಸಲ ಅಂಥ ಗಡ್ಡೆ ಬಸವನಗುಡಿಯ ಮದುವೆಮನೆಗೆ ತಪ್ಪಿ ಹೋಗಿಬಿಟ್ಟಿತ್ತು. ನೋಡಲು ಗಾಜಿನ ಹಾಗೆ ಗಟ್ಟಿ. ಎರಡನೇ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ ನಡುವಿಗೇ ಕುಸಿಯಿತು. "ನೀರು ಕುಡಿದ ಐಸು ಬಾಳಲ್ಲ ಕಣಮ್ಮ" ಎಂದಿದ್ದರು.

"ತಡಿಯಮ್ಮ" ಎಂದೆ. "ತಪ್ಪು ಮಣೀದಲ್ಲ, ನಂದು. ಅದು ಒಡೆದ ಗಡ್ಡೆ. ನೀರು ಹುಯ್ದು ಸೇರಿಸಿದ್ದು. ಮೂರನೇ ಮಣಿ ಆ ಬೆಸುಗೆ ಮೇಲೇ ಕೂತಿದೆ."

ಆಂಜಿನಯ್ಯ ನೆಲ ನೋಡಿದ.

"ತಂತೀನ ಒಂದು ಗೇಣು ಈಚೆಗೆಳಿ. ಬೆಸುಗೆ ಜಾಗಕ್ಕೆ ನಾಲ್ಕನೇದು ಬರ್ಲಿ."

ಎಳೆದಳು. ಕಾದೆವು. ಮೂರನೆಯದು ತಣ್ಣಗಾಗುತ್ತ ಬಂತು, ನಾಲ್ಕನೆಯದು ಬೆಚ್ಚಗಾಯಿತು.

ಅವಳು ಫೋನನ್ನೇ ನೋಡುತ್ತ ನಿಧಾನವಾಗಿ ಹೇಳಿದಳು. "ನೀರು ಗಡ್ಡೆ ಕಟ್ಟುವಾಗ ತನ್ನ ಬಿಸಿ ಬಿಟ್ಕೊಡುತ್ತೆ ಅಜ್ಜಿ. ಸುತ್ತ ಇರೋ ಐಸು ಅದನ್ನ ತಗೊಳ್ಳುತ್ತೆ. ಹಿಮನದೀಲೂ ಹೀಗೇ ಆಗಿರ್ಬೇಕು."

"ಅಲ್ಲಿ ಬಿರುಕಿಗೆ ನೀರು ಹುಯ್ಯೋರು ಯಾರು?"

"ಯಾರೂ ಬೇಡ. ಈಗೀಗ ಬೇಸಿಗೇಲಿ ಮೇಲಿನ ಹಿಮ ಜಾಸ್ತಿ ಕರಗ್ತಿದೆ. ಆ ನೀರು ಬಿರುಕಲ್ಲಿಳಿದು ಒಳಗೆ ಹೆಪ್ಪುಗಟ್ಟುತ್ತೆ. ಚಳಿಗಾಲದಲ್ಲಿ ನೋಡಿದ್ರೆ ಮೇಲೆ ಮೊದಲಿನ ಹಾಗೇ ಬೆಳ್ಳಗಿರುತ್ತೆ."

"ಅಷ್ಟು ದೊಡ್ಡದು ಎಷ್ಟು ನೀರು ಕುಡಿದಿರ್ಬೋದು?"

"ಅದೇ ಗೊತ್ತಿಲ್ಲ. ಅದಕ್ಕೇ ಹೋಗ್ಬೇಕು."

ಮೇಲಿನವರಿಗೆ ತೋರಿಸಲು, ಗಡ್ಡೆ ಒಡೆದದ್ದು ಎಲ್ಲಿ, ನೀರು ಹುಯ್ದದ್ದು ಯಾವಾಗ ಎಂದು ನಾನು ಫೋನಿನ ಮುಂದೆ ಹೇಳಬೇಕಾಯಿತು.

"ಬೇಡ ಅಮ್ಮ, ಅಂಗಡಿ ಮರ್ಯಾದೆ" ಎಂದ ಆಂಜಿನಯ್ಯ.

"ಆ ಮಗು ಹೋಗೋದು ನಿಂತ್ರೆ ಮರ್ಯಾದೆ ಉಳಿಯುತ್ತಾ?" ಎಂದೆ. ನನ್ನ ಹೆಸರು ಚಿಕ್ಕಮುನಿಯಮ್ಮ ಎಂದು ಶುರುಮಾಡಿ, ಇಡೀದು ಎಂದು ಹೇಳಿ ಒಡೆದದ್ದು ಕೊಟ್ಟೆ ಎಂಬುದನ್ನೂ ಬಿಡದೆ ಹೇಳಿದೆ. ಆಮೇಲೆ ಆಂಜಿನಯ್ಯ ಒಳಗಿನಿಂದ ನಿಜವಾದ ಇಡೀ ಗಡ್ಡೆ ತಂದಿಟ್ಟ. ಅದರಲ್ಲಿ ಮೂರನೇ ಮಣಿಯೇ ಎಲ್ಲಕ್ಕಿಂತ ತಣ್ಣಗೆ ತೋರಿಸಿತು.

ಆ ವರ್ಷ ಯುಗಾದಿ ಗುರುವಾರ ಬಂತು. ಶುಕ್ರವಾರ ಅವಳು ಒಬ್ಬಟ್ಟು ತಂದುಕೊಟ್ಟು, ಬೆಸೆದ ಗಡ್ಡೆ ಎಷ್ಟು ಹೊತ್ತು ಬಾಳುತ್ತದೆ ಎಂದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಸೋಮವಾರ ಪ್ರಿಯಂವದಾ ತಾನೇ ಆ ಹಿಮನದಿಗೆ ಹೊರಟುಹೋದಳು.