ಅಂಗೈ ಮೇಲಿನ ಅಕ್ಷರ

"ಪಾಠದ ಪುಸ್ತಕ ಆಚೆ ಇಡು. ಇವತ್ತು ಇದನ್ನ ಓದು," ಎಂದು ಫೆಂಗ್ ಟೀಚರ್ ನಾಲ್ಕಾಗಿ ಮಡಚಿದ ಕಾಗದವೊಂದನ್ನು ಮೇಜಿನ ಮೇಲೆ ತಳ್ಳಿದರು.

ಇವೆಲಿನಾ ಬಿಡಿಸಿ ನೋಡಿದಳು. ಆಸ್ಪತ್ರೆಯ ಕೆಂಪು ಮೊಹರು ಕಂಡು ಮತ್ತೆ ಮಡಚಹೋದಳು.

"ಮಗಳ ಕೋಟಿನ ಜೇಬಲ್ಲಿತ್ತು, ಕದ್ದೆ," ಟೀಚರ್ ನಕ್ಕರು. "ಮೂವತ್ತೆಂಟು ವರ್ಷ ಮಕ್ಕಳ ಜೇಬು ತಡಕಿದ ಕೈ ಇದು. ಪೊರೆ ಬಂದಿರೋದು ಕಣ್ಣಿಗೆ, ಕೈಗಲ್ಲ."

"ನಾನ್ಯಾಕೆ ಟೀಚರ್? ಕೆಳಗಿನ ಮನೆಯವರು..."

"ಅವರಾ? ಕಾಗದ ನೋಡೋಕೆ ಮುಂಚೆನೇ ಸುಳ್ಳು ರೆಡಿ ಮಾಡ್ಕೊಂಡಿರ್ತಾರೆ. ನನ್ನ ಗಂಡ ಸಾಯೋವಾಗ ಐದು ತಿಂಗಳು ಬರೀ ಗ್ಯಾಸ್ಟ್ರಿಕ್ಕು ಅಂತ ನಂಬಿಸಿದೋಳು ನಾನು, ನನಗೆ ಗೊತ್ತಿಲ್ವಾ? ನೀನು ಹೊರದೇಶದೋಳು. ಸುಳ್ಳು ಹೇಳೋವಷ್ಟು ಭಾಷೆ ನಿನಗಿನ್ನೂ ಬಂದಿಲ್ಲ."

ಇವೆಲಿನಾ ಗಂಡನ ಕೆಲಸದ ಬೆನ್ನು ಹಿಡಿದು ಬಲ್ಗೇರಿಯಾದಿಂದ ಚೀನಾದ ಚೆಂಗ್ಡುವಿಗೆ ಬಂದು ಎರಡು ವರ್ಷ. ಸೂರ್ಯನ ಮುಖ ಕಾಣದ ಈ ಊರಿನ ಚಳಿಗಾಲದಲ್ಲಿ ಇವೆಲಿನಾಳಿಗೆ ಮನಸ್ಸು ಬಿಚ್ಚಿ ಮಾತಾಡಲು ಸಿಕ್ಕವರು ಈ ಮುದುಕಿ ಒಬ್ಬರೇ. ಬುಧವಾರ ಬಂತೆಂದರೆ ನಾಲ್ಕು ಮಹಡಿ ಹತ್ತಿ ಚೀನೀ ಪಾಠಕ್ಕೆ ಬಂದು, ಮಲ್ಲಿಗೆ ಚಹಾ ಕುಡಿದು, ಚೆನ್ನಾಗಿ ಬೈಸಿಕೊಂಡು ಹೋಗುವಳು. ಹೋದ ವಾರ ಟೀಚರ್ ಮಗಳು ಯಾಜ್ವಾನ್ ಮೆಟ್ಟಿಲ ಮೇಲೆ ಅಡ್ಡಗಟ್ಟಿ ಕೈ ಹಿಡಿದುಕೊಂಡಿದ್ದಳು. "ಅಕ್ಕ, ಅಮ್ಮನಿಗೆ ಹೊಟ್ಟೆಹುಣ್ಣು ಅಂತ ಹೇಳಿದೀವಿ. ನಿಜ ಗೊತ್ತಾದ್ರೆ ಊಟ ಬಿಟ್ಟು ಮಲಗಿಬಿಡ್ತಾರೆ. ಬಾಯಿ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವಳು ಪಿಸುಗುಟ್ಟಿದ ಕಾಯಿಲೆಯ ಹೆಸರು ಆಗ ಇವೆಲಿನಾಳಿಗೆ ತಿಳಿದಿರಲಿಲ್ಲ. ಮನೆಗೆ ಹೋಗಿ ನಿಘಂಟಿನಲ್ಲಿ 'ಕ್ಯಾನ್ಸರ್' ಎಂಬ ಅರ್ಥ ನೋಡಿ, ಟೀಚರ್ ಹಾಕಿಕೊಟ್ಟ ರೂಢಿಯಂತೆ ಆ ಇಡೀ ಪದವನ್ನು ಹೇಳುವ ಒಂದೇ ಚೀನೀ ಅಕ್ಷರವನ್ನು ಹತ್ತು ಸಲ ಬರೆದು, ಆ ಪುಟದ ಮೇಲೆಯೇ ತಲೆಯಿಟ್ಟು ಅತ್ತಿದ್ದಳು.

ಈಗ ಅದೇ ಅಕ್ಷರ ಮೂರನೆಯ ಸಾಲಿನಲ್ಲಿ ಕೂತಿತ್ತು.

ಹೆಸರು ಓದಿದಳು, ವಯಸ್ಸು ಓದಿದಳು. "ಹೊಟ್ಟೆಯ..." ಎಂದು ನಿಂತಳು. ಕೆಳಗಿನ ಅಂಗಳದಲ್ಲಿ ಮಾಜೋಂಗ್ ಆಡುವವರು ಬಿಲ್ಲೆ ಕಲಸುವ ಸದ್ದು ಕೇಳುತ್ತಿತ್ತು.

"ಹೂಂ, ಹೊಟ್ಟೆಯ. ಮುಂದೆ?"

"ಮುಂದಿನ ಅಕ್ಷರ ನನಗೆ ಬರಲ್ಲ ಟೀಚರ್."

ಹೇಳಿದ ಮೇಲೆ ಹಗುರವೆನಿಸಿತು. ಬರುವುದಿಲ್ಲ ಎಂದವಳನ್ನು ಯಾರು ಏನು ಮಾಡಿಯಾರು?

"ಬರಲ್ವಾ? ಅದಕ್ಕೇನಂತೆ." ಟೀಚರ್ ಎಡಗೈ ಚಾಚಿ ಅಂಗೈ ತೆರೆದರು. "ಇಲ್ಲಿ ಬರಿ."

ಅವಳು ಮರೆತೇಬಿಟ್ಟಿದ್ದಳು. ಟೀಚರ್ ಕಣ್ಣು ಮಂಜಾದಾಗಿನಿಂದ ಬಾರದ ಅಕ್ಷರವನ್ನೆಲ್ಲ ಅವರ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸುವುದೇ ಪಾಠದ ಪದ್ಧತಿ. ಬೇರೇನಾದರೂ ಗೀಚಿಬಿಡೋಣ ಎಂದುಕೊಂಡು ಬೆರಳಿಟ್ಟಳು. ಕಾಯಿಲೆಯ ಅಕ್ಷರಗಳೆಲ್ಲ ಶುರುವಾಗುವ ಹಾಗೆಯೇ ಶುರುವಾಯಿತು: ಒಂದು ಚುಕ್ಕಿ, ಒಂದು ಅಡ್ಡಗೆರೆ, ಕೆಳಗಿಳಿಯುವ ಓರೆಗೆರೆ. ಆಮೇಲೆ ಬೆರಳು ಅವಳ ಮಾತು ಕೇಳಲಿಲ್ಲ. ಒಳಗೆ ಮೂರು ಪುಟ್ಟ ಚೌಕ, ಅದರಡಿ ಒಂದು ಬೆಟ್ಟ. ಎರಡನೆಯ ಚೌಕಕ್ಕೇ ಟೀಚರ್ ಕಣ್ಣು ಮುಚ್ಚಿದರು. ಆದರೂ ಕೈ ಹಿಂದೆಗೆಯದೆ ಕೊನೆಯ ಗೆರೆಯವರೆಗೂ ಕಾದರು.

"ಎಷ್ಟು ಸಲ ಬರೆದು ಕಲಿತೆ?" ಎಂದು ಕೇಳಿದರು.

ಇವೆಲಿನಾ ಕಣ್ಣೊರೆಸಿಕೊಂಡಳು. "ಹತ್ತು."

"ಹೂಂ. ಒಂದು ಗೆರೆನೂ ತಪ್ಪಿಲ್ಲ." ಎರಡು ವರ್ಷದಲ್ಲಿ ಅವರು ಮೆಚ್ಚಿ ಆಡಿದ ಮೊದಲ ಮಾತು ಅದು. "ಅಳಬೇಡ್ವೇ. ಕಾಗದ ಇದ್ದ ಹಾಗೇ ಮಡಚು, ಬಾಗಿಲ ಹಿಂದೆ ಅವಳು ಬಿಟ್ಟುಹೋದ ಕೋಟಲ್ಲಿ ಹಾಕು. ನನಗೆ ಗೊತ್ತು ಅಂತ ಗೊತ್ತಾದ್ರೆ ಯಾಜ್ವಾನ್ ತಡ್ಕೊಳ್ಳಲ್ಲ."

ಕಾಗದ ಜೇಬು ಸೇರುವಷ್ಟರಲ್ಲಿ ಬೀಗ ತಿರುಗಿತು. ಸೊಪ್ಪಿನ ಚೀಲ ಹಿಡಿದು ಒಳಬಂದ ಯಾಜ್ವಾನ್ ಇಬ್ಬರ ಮುಖವನ್ನೂ ನೋಡಿ, "ಪಾಠ ಹೇಗಾಯ್ತಮ್ಮ?" ಎಂದಳು.

"ಏನ್ ಪಾಠವೋ! ಇವಳಿಗೆ ಒಂದಕ್ಷರ ಬರಲ್ಲ," ಎಂದರು ಟೀಚರ್.

ಮಗಳು ನಿರಾಳವಾಗಿ ನಕ್ಕಳು. ಟೀಚರ್ ಬಲಗೈಯೊಂದರಲ್ಲೇ ತಡವರಿಸಿ ಮೂವರಿಗೂ ಚಹಾ ಬಗ್ಗಿಸಿದರು. ಎಡಗೈ ಮಡಿಲಲ್ಲಿ ಮುಷ್ಟಿ ಕಟ್ಟಿಕೊಂಡೇ ಇತ್ತು.