ನಲವತ್ತೊಂದನೇ ತೋಟದ ಕಷಾಯ

ನಿಶ್ಮಿತಾ ಕಡ್ಡಿ ಗೀರಿದಳು. ದೊಡ್ಡಮ್ಮ ಪ್ರೇಮಾವತಿ ಉಫ್ ಎಂದು ಊದಿ ಆರಿಸಿದರು.

"ನಿನಗೆ ಮಂಡೆ ಸಮ ಉಂಟಾ? ನನ್ನ ಅಮ್ಮನನ್ನು ಸುಟ್ಟು ಬಂದು ಒಂದು ಗಂಟೆ ಆಗಲಿಲ್ಲ. ಸೂತಕದಲ್ಲಿ ನಾವು ಒಲೆ ಹಚ್ಚುವುದುಂಟಾ?"

"ಬಂದವರಿಗೆ ಅಜ್ಜಿಯ ಕಷಾಯ ಕೊಡದೆ ಕಳಿಸುವುದುಂಟಾ, ದೊಡ್ಡಮ್ಮ?"

ಡಚ್ಚರ ನಾಡಿನ ಆಲ್ಮೆರೆ ಊರಿನ ಅಂಚಿನಲ್ಲಿ ಸಂಘದವರು ಬಾಡಿಗೆಗೆ ಕೊಡುವ ತುಂಡು ತೋಟಗಳಲ್ಲಿ ನಲವತ್ತೊಂದನೆಯದು ಅಜ್ಜಿ ಜಲಜಾಕ್ಷಿಯದು. ಶೆಡ್ಡಿನ ಹೊರಗೆ, ಚಿತಾಗಾರದಿಂದ ನೇರ ಬಂದ ಅಕ್ಕಪಕ್ಕದ ತೋಟದವರು ಕಪ್ಪು ಕೋಟುಗಳಲ್ಲಿ ನಡುಗುತ್ತ ನಿಂತಿದ್ದರು. ಸಂಘದ ಕಾರ್ಯದರ್ಶಿ ಯಾನ್ ಕೂಡ ಬಂದಿದ್ದ. ಒಂದು ಕೈಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಫೋನು. ಶೆಡ್ಡಿನಲ್ಲಿ ಒಲೆ, ದೀಪ ಇರಕೂಡದೆಂದು ಅವನ ನೋಟೀಸು ಬಂದು ತಿಂಗಳಾಗಿತ್ತು. ತಪಾಸಣೆಗೆ ಇಂದೇ ಗಡುವು. ಅವು ಕಂಡರೆ ತೋಟ ಮೊಮ್ಮಗಳು ನಿಶ್ಮಿತಾಳ ಹೆಸರಿಗೆ ಬರುವುದಿಲ್ಲ.

*

"ಶೆಡ್ಡು ಗುದ್ದಲಿ ಇಡಲಿಕ್ಕೆ ಮಾತ್ರ" ಎಂದು ಯಾನ್ ಮೊದಲ ಸಲ ಹೇಳಿದ ದಿನವೇ ಅಜ್ಜಿ ಏಣಿ ಹತ್ತಿದ್ದರು. ಎಪ್ಪತ್ತೊಂದು ವರ್ಷ, ಸೀರೆಯ ಮೇಲೆ ರೈನ್‌ಕೋಟು, ಕಂಕುಳಲ್ಲಿ ಪುಟ್ಟ ಸೋಲಾರ್ ಪ್ಯಾನೆಲ್. ಕೆಳಗೆ ಏಣಿ ಹಿಡಿದವರು ಪಕ್ಕದ ತೋಟದ ಮುದುಕಿ ರಿಯಾ.

"ಅಜ್ಜಿ, ಬಿದ್ದರೆ?" ಎಂದಿದ್ದಳು ನಿಶ್ಮಿತಾ.

"ಬಿದ್ದರೆ ನಿನಗೊಂದು ಕಥೆಯಾಯಿತು ಮಾರಾಯ್ತಿ. ಸೂರ್ಯ ನಾಲ್ಕೂವರೆಗೇ ಮನೆಗೆ ಹೋಗುತ್ತಾನೆಂದು ನಾನೂ ಹೋಗಬೇಕಾ? ಅವನಿಗೆ ಕೆಲಸ ಇಲ್ಲ, ನನಗುಂಟು."

ಆ ಸಂಜೆ ಬಲ್ಬು ಹತ್ತಿತು. ಗ್ಯಾಸಿನ ಪುಟ್ಟ ಒಲೆಯ ಮೇಲೆ ಜೀರಿಗೆ, ಕೊತ್ತಂಬರಿ, ಬೆಲ್ಲ ಸೇರಿ ಕುದಿದವು. ಒಂದು ಮೆಣಸಿನ ಗಿಡವೂ ನೆಟ್ಟಗೆ ಬದುಕದ ಆ ತೋಟಕ್ಕೆ ಚಳಿಗಾಲವಿಡೀ ಜನ ಬಂದರು. ಅಜ್ಜಿಗೆ ಗೊತ್ತಿದ್ದ ಡಚ್ಚು ಐದೇ ಮಾತು. ಏಳು ರಕ್ಕಸರ ಕಥೆಯನ್ನು ಅಪ್ಪಟ ಉಡುಪಿ ಕನ್ನಡದಲ್ಲೇ ಹೇಳುತ್ತಿದ್ದರು, ರಿಯಾ ನಗಬೇಕಾದಲ್ಲೇ ನಗುತ್ತಿದ್ದರು.

*

"ಒಲೆಯನ್ನು ಚೀಲಕ್ಕೆ ಹಾಕಿಬಿಡು," ಯಾನ್ ಮೆಲ್ಲಗೆ ಹೇಳಿದ. "ನಾನು ನೋಡಲಿಲ್ಲ ಅಂತ ಬರೆಯುತ್ತೇನೆ. ದೀಪವನ್ನೂ ಕಿತ್ತಿಡು."

ಅಷ್ಟು ಮಾಡಿದ್ದರೆ ತೋಟ ಉಳಿಯುತ್ತಿತ್ತು, ಗುದ್ದಲಿ ಇಡಲಿಕ್ಕೆ. ನಿಶ್ಮಿತಾ ದೀಪದ ಸ್ವಿಚ್ಚು ಒತ್ತಿ ಬೆಳಕು ಮಾಡಿ, ಬೆಂಕಿಪೊಟ್ಟಣವನ್ನು ರಿಯಾರ ಕೈಗಿಟ್ಟಳು.

"ಸಾವಾದ ಮನೆಯವರು ಒಲೆ ಹಚ್ಚುವ ಹಾಗಿಲ್ಲ. ನಮ್ಮಲ್ಲಿ ನೆರೆಯವರು ಬೇಯಿಸಿ ಕೊಡಬೇಕು."

ಬೈಯಲು ಬಾಯಿ ತೆರೆದಿದ್ದ ದೊಡ್ಡಮ್ಮ ಲೋಟಗಳನ್ನು ಎಣಿಸಲು ಹೊರಟರು. ಶಾಸ್ತ್ರ ಸರಿಯಾಗಿಯೇ ಇತ್ತು.

"ಹಚ್ಚಿದರೆ ನಿಮಗೂ ನೋಟೀಸು, ರಿಯಾ," ಎಂದ ಯಾನ್.

"ನಲವತ್ತೆರಡು," ಎಂದರು ರಿಯಾ, ಕಡ್ಡಿ ಗೀರುತ್ತ. "ತೋಟದ ನಂಬರು ತಪ್ಪು ಬರೆಯಬೇಡ."

"ಮೂವತ್ತೊಂಬತ್ತು!" ಹಿಂದಿನಿಂದ ಯಾರೋ ಕೂಗಿದರು.

"ನಲವತ್ತಾರು!"

ಕಷಾಯ ಕುದಿಯಿತು, ಲೋಟಗಳು ಕೈಯಿಂದ ಕೈಗೆ ದಾಟಿದವು. ಯಾನ್ ಫೋಟೊ ತೆಗೆಯಲು ಫೋನು ಎತ್ತಿದ. ಪರದೆಯ ತುಂಬ ಕಪ್ಪು ಕೋಟುಗಳು, ಕೋಟುಗಳ ಮುಂದೆ ಹಬೆ. ಒಲೆ ಎಲ್ಲೂ ಕಾಣಲಿಲ್ಲ. ಅವನು ಎಡಕ್ಕೆ ಸರಿದ. ಗುಂಪೂ ಎಡಕ್ಕೆ ಸರಿಯಿತು.

"ತಡೆ ಮಾರಾಯಾ," ಎಂದು ಕನ್ನಡದಲ್ಲೇ ಗದರಿದ ದೊಡ್ಡಮ್ಮ, ಸೆರಗು ಸರಿಮಾಡಿಕೊಂಡು ನಟ್ಟನಡುವೆ ಬಂದು ನಿಂತರು. "ಹೂಂ, ಈಗ ತೆಗಿ."